ಅರಬಿ ಕಲಿಯಲು ಕೈರೋನೋ, ದೋಹಾನೋ, ರಿಯಾದೋ? ಕರಾವಳಿಯ ಮಕ್ಕಳಿಗೆ ಒಂದು ಹೋಲಿಕೆ

ಪರೀಕ್ಷೆ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಮೂರು ನಾಲ್ಕು ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಉಳ್ಳಾಲದವರು, ಕಾಪುವಿನವರು, ಬಿ.ಸಿ.ರೋಡ್ ಕಡೆಯವರು. ಕೆಲವರು ಪಿಯುಸಿಯಿಂದಲೂ ಅರಬಿ ತೆಗೆದುಕೊಂಡವರು. ಕೆಲವರು ಐದಾರು ವರ್ಷ ಪಳ್ಳಿ ದರ್ಸ್‌ನಲ್ಲಿ, ಅಂದರೆ ಮಸೀದಿಯ ಧಾರ್ಮಿಕ ಪಾಠದಲ್ಲಿ, ಕಿತಾಬ್ ಓದಿದವರು. ಕೇಳುವುದು ಒಂದೇ: "ಟೀಚರ್, ಹೊರಗೆ ಹೋಗಿ ಅರಬಿ ಓದಬೇಕು. ಯಾವ ಸ್ಕಾಲರ್‌ಶಿಪ್ ಒಳ್ಳೆಯದು?"

ಉತ್ತರ ಹೇಳುವ ಮೊದಲು ನಾನು ಒಂದು ಸಣ್ಣ ಕೆಲಸ ಕೊಡುತ್ತೇನೆ. "ನಾನು ತರಕಾರಿ ಮಾರುವವಳು. ಅರಬಿಯಲ್ಲಿ ನನ್ನ ಹತ್ತಿರ ಒಂದು ಕಿಲೋ ಟೊಮೆಟೊ ಕೇಳು. ಕ್ರಯ ಜಾಸ್ತಿ ಆಯ್ತು ಅಂತ ಚರ್ಚೆ ಮಾಡು."

ದರ್ಸ್‌ನಿಂದ ಬಂದ ಹುಡುಗನಿಗೆ ಹಳೆಯ ಪದ್ಯದ ಒಂದು ಸಾಲು ಕೊಟ್ಟರೆ ಪ್ರತಿ ಪದದ ಇಅರಾಬ್, ಅಂದರೆ ವ್ಯಾಕರಣದ ವಿಭಕ್ತಿ, ಬಿಡಿಸಿ ಹೇಳುತ್ತಾನೆ. ಟೊಮೆಟೊ ಕೇಳು ಅಂದರೆ ಸುಮ್ಮನಾಗುತ್ತಾನೆ. ಸೌದಿಯ ಜುಬೈಲ್‌ನಲ್ಲಿ ಬೆಳೆದು ಊರಿಗೆ ಬಂದ ಹುಡುಗಿ ನಿಲ್ಲಿಸದೆ ಚರ್ಚೆ ಮಾಡುತ್ತಾಳೆ. ಆದರೆ ಅರಬಿ ಪತ್ರಿಕೆಯ ಸಂಪಾದಕೀಯ ಕೈಗೆ ಕೊಟ್ಟರೆ ಮೂರನೇ ಸಾಲು ದಾಟುವುದಿಲ್ಲ. ಇಬ್ಬರೂ ಕಷ್ಟಪಟ್ಟು ಕಲಿತವರೇ. ಆದರೆ ಇಬ್ಬರಿಗೂ ಒಂದೇ ಊರು ಆಗುವುದಿಲ್ಲ. ಯಾವ ಸ್ಕಾಲರ್‌ಶಿಪ್ ಜಾಸ್ತಿ ಹಣ ಕೊಡುತ್ತದೆ ಎಂದು ಮೊದಲು ನೋಡಬೇಡಿ. ನಿಮ್ಮ ಅರಬಿಯಲ್ಲಿ ಏನು ಕಡಿಮೆ ಇದೆ, ಅದು ಯಾವ ಊರಿನಲ್ಲಿ ಸಿಗುತ್ತದೆ ಎಂದು ನೋಡಿ.

ನಮ್ಮ ಕನ್ನಡದ ಹಾಗೆಯೇ

ಮಂಗಳೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಮನೆಯಲ್ಲಿ ಬ್ಯಾರಿ, ತುಳು, ಕೊಂಕಣಿ. ಕನ್ನಡ ಕಲಿತದ್ದು ಶಾಲೆಯಲ್ಲಿ. ಅದಕ್ಕೇ ನಾವು ಬೆಂಗಳೂರಿಗೆ ಹೋಗಿ "ನೀವು ಎಲ್ಲಿಗೆ ಹೋಗುತ್ತಿದ್ದೀರಿ?" ಎಂದು ಪೂರ್ತಿ ವಾಕ್ಯ ಹೇಳಿದರೆ ಜನ ತಿರುಗಿ ನೋಡುತ್ತಾರೆ. ತಪ್ಪೇನೂ ಇಲ್ಲ. ಆದರೆ ಪುಸ್ತಕದ ಭಾಷೆ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ?

ಅರಬಿಯಲ್ಲಿ ಈ ಅಂತರ ಇನ್ನೂ ದೊಡ್ಡದು. ಬರಹಕ್ಕೆ, ವಾರ್ತೆಗೆ, ಭಾಷಣಕ್ಕೆ ಫುಸ್ಹಾ. ಮನೆಗೆ, ಬೀದಿಗೆ, ಬಸ್ಸಿಗೆ ಆಮ್ಮಿಯ್ಯ. ಆಮ್ಮಿಯ್ಯ ಊರಿಗೊಂದು. ಅದೇ ಟೊಮೆಟೊ ಕೈರೋದಲ್ಲಿ ತಮಾತಿಮ್ ಅಥವಾ ಊತಾ. ಜೋರ್ಡಾನ್‌ನ ಅಮ್ಮಾನ್‌ನಲ್ಲಿ ಬಂದೋರ. ಗಲ್ಫ್‌ನಲ್ಲಿ ತಮಾತ್. ಮೊರಾಕ್ಕೊದಲ್ಲಿ ಮತೀಶಾ. 'ಈಗ' ಎನ್ನಲು ಕೈರೋದಲ್ಲಿ ದಿಲ್ವಅತಿ, ಗಲ್ಫ್‌ನಲ್ಲಿ ಅಲ್ಹೀನ್, ಮೊರಾಕ್ಕೊದಲ್ಲಿ ದಾಬಾ. ಅಂದರೆ ನೀವು ಒಂದು ಊರನ್ನು ಆರಿಸುವಾಗ ಒಂದು ಆಡುಮಾತನ್ನೂ ಆರಿಸುತ್ತಿದ್ದೀರಿ. ಮುಂದೆ ಹತ್ತು ವರ್ಷ ನಿಮ್ಮ ಬಾಯಿಯಲ್ಲಿ ಅದೇ ಉಳಿಯುತ್ತದೆ.

ಮೊದಲು ಪಟ್ಟಿಯಿಂದ ತೆಗೆಯಬೇಕಾದವು

ಇಂಟರ್‌ನೆಟ್‌ನಲ್ಲಿ ಅರಬಿ ಫೆಲೋಶಿಪ್ ಎಂದು ಹುಡುಕಿದರೆ ಮೇಲೆಯೇ ಬರುವ ಹೆಸರುಗಳು ಅಮೆರಿಕದವು. ಕಾಸಾ (ಸೆಂಟರ್ ಫಾರ್ ಅರಬಿಕ್ ಸ್ಟಡಿ ಅಬ್ರಾಡ್), ಬೋರೆನ್, ಕ್ರಿಟಿಕಲ್ ಲ್ಯಾಂಗ್ವೇಜ್ ಸ್ಕಾಲರ್‌ಶಿಪ್, ಅರಬಿಕ್ ಫ್ಲಾಗ್‌ಶಿಪ್. ಮಕ್ಕಳು ವಾರಗಟ್ಟಲೆ ಅರ್ಜಿ ಬರೆದು ಕೊನೆಗೆ ಅರ್ಹತೆಯ ಸಾಲು ನೋಡುತ್ತಾರೆ. ಕಾಸಾ ಅಮೆರಿಕದ ಪ್ರಜೆಗಳಿಗೆ ಮತ್ತು ಅಲ್ಲಿನ ಕಾಯಂ ನಿವಾಸಿಗಳಿಗೆ ಮಾತ್ರ. ಬೋರೆನ್ ಮತ್ತು ಕ್ರಿಟಿಕಲ್ ಲ್ಯಾಂಗ್ವೇಜ್ ಅಮೆರಿಕದ ಪ್ರಜೆಗಳಿಗೆ ಮಾತ್ರ. ಫ್ಲಾಗ್‌ಶಿಪ್ ಅಲ್ಲಿನ ವಿಶ್ವವಿದ್ಯಾಲಯದ ಮಕ್ಕಳಿಗೆ. ಭಾರತದ ಪಾಸ್‌ಪೋರ್ಟ್ ಹಿಡಿದು ಇಲ್ಲಿ ಓದುತ್ತಿರುವವರಿಗೆ ಇವು ಇಲ್ಲ.

ಆದರೂ ಅವರು ಕಲಿಸುವ ಕ್ರಮವನ್ನು ನೋಡಿಟ್ಟುಕೊಳ್ಳಿ. ಕಾಸಾ 1967ರಲ್ಲಿ ಕೈರೋದ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಮೊದಲೇ ಕೆಲವು ವರ್ಷ ಅರಬಿ ಓದಿದವರಿಗಾಗಿಯೇ ಮಾಡಿದ ಕೋರ್ಸ್ ಅದು. ಅದರಲ್ಲಿ ಫುಸ್ಹಾ ಮತ್ತು ಆಡುಮಾತು ಎರಡನ್ನೂ ಜೊತೆಗೆ ಕಲಿಸುತ್ತಾರೆ. ಆಮೇಲೆ ಸಾಹಿತ್ಯ, ರಾಜಕೀಯದಂಥ ವಿಷಯಗಳನ್ನು ಅರಬಿಯಲ್ಲೇ ಓದಿಸುತ್ತಾರೆ. ಫ್ಲಾಗ್‌ಶಿಪ್‌ನವರು ಮೊರಾಕ್ಕೊದ ಮೆಕ್ನೆಸ್‌ನಲ್ಲಿ ಒಂದು ವರ್ಷ ಇರುತ್ತಾರೆ. ನಾವು ಎಲ್ಲಿಗೆ ಹೋದರೂ ಈ ಮೂರು ಬೇಕು: ಫುಸ್ಹಾ, ಆಡುಮಾತು, ಅರಬಿಯಲ್ಲೇ ಓದುವ ಒಂದು ವಿಷಯ. ಯಾವ ಸ್ಕಾಲರ್‌ಶಿಪ್‌ನಲ್ಲೂ ಮೂರೂ ಪೂರ್ತಿಯಾಗಿ ಸಿಗುವುದಿಲ್ಲ. ಕಡಿಮೆ ಬಿದ್ದದ್ದನ್ನು ನಾವೇ ತುಂಬಿಸಿಕೊಳ್ಳಬೇಕು.

ಸೌದಿ: ಹಣದ ಚಿಂತೆ ಕಡಿಮೆ, ವಯಸ್ಸಿನ ಚಿಂತೆ ಜಾಸ್ತಿ

ನಮ್ಮ ಕಡೆಯ ಹುಡುಗರು ಮೊದಲು ಹೇಳುವ ಹೆಸರು ಮದೀನಾದ ಇಸ್ಲಾಮಿಕ್ ವಿಶ್ವವಿದ್ಯಾಲಯ. 1961ರಲ್ಲಿ ಆರಂಭವಾದದ್ದು. ಹೊರದೇಶದ ಮಕ್ಕಳಿಗೆಂದೇ ಮಾಡಿದ್ದು. ಓದು, ಹಾಸ್ಟೆಲ್ ಉಚಿತ. ತಿಂಗಳ ಭತ್ಯೆ ಇದೆ, ವಿಮಾನದ ಟಿಕೆಟ್ ಇದೆ. ಅರಬರಲ್ಲದವರಿಗೆ ಪ್ರತ್ಯೇಕ ಭಾಷಾ ವಿಭಾಗ ಇದೆ. ಅಲ್ಲಿ ವರ್ಷಗಟ್ಟಲೆ ಅರಬಿ ಕಲಿಸಿದ ಡಾ. ವಿ. ಅಬ್ದುರ್ರಹೀಮ್ ನಮ್ಮ ಪಕ್ಕದ ತಮಿಳುನಾಡಿನ ವಾಣಿಯಂಬಾಡಿಯವರು. ದಕ್ಷಿಣ ಭಾರತದ ಒಬ್ಬರು ಬರೆದ ಪಾಠಗಳಿಂದ ಜಗತ್ತಿನ ಎಷ್ಟೋ ದೇಶದ ಮಕ್ಕಳು ಅರಬಿ ಕಲಿತರು ಎಂದು ನೆನೆದಾಗಲೆಲ್ಲ ನನಗೆ ಹೆಮ್ಮೆ.

ಮುಂದುವರಿದ ಮಕ್ಕಳು ಇಲ್ಲಿ ಒಂದು ವಿಷಯ ಗಮನಿಸಬೇಕು. ಭಾಷಾ ವಿಭಾಗದ ಆರಂಭದ ಪಾಠಗಳು ಐದಾರು ವರ್ಷ ನಹ್ವ್, ಸರ್ಫ್ (ವಾಕ್ಯರಚನೆ, ಪದರಚನೆ) ಓದಿದವರಿಗೆ ಮತ್ತೆ ಅದೇ ಪಾಠ ಆಗುತ್ತವೆ. ಆದ್ದರಿಂದ ಮಟ್ಟದ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿ, ನೇರವಾಗಿ ಅರಬಿ ಭಾಷೆಯ ಪದವಿ ವಿಭಾಗಕ್ಕೆ ಸೇರಲು ನೋಡಿ. ಮದೀನಾ ಬಹುಕಾಲ ಗಂಡುಮಕ್ಕಳಿಗೆ ಮಾತ್ರ ಇತ್ತು ಎಂಬುದೂ ನೆನಪಿರಲಿ.

ಹೆಣ್ಣುಮಕ್ಕಳಿಗೆ ರಿಯಾದ್‌ನಲ್ಲಿ ಪ್ರಿನ್ಸೆಸ್ ನೂರಾ ವಿಶ್ವವಿದ್ಯಾಲಯ ಇದೆ. ಅದು ಪೂರ್ತಿ ಮಹಿಳೆಯರದ್ದು. ಅರಬಿ ಮಾತೃಭಾಷೆ ಅಲ್ಲದವರಿಗೆ ಕಲಿಸುವ ಸಂಸ್ಥೆಯೂ ಅದರೊಳಗೇ ಇದೆ, ಸ್ಕಾಲರ್‌ಶಿಪ್ ಕೂಡ ಇದೆ. ಮಗಳನ್ನು ಒಬ್ಬಳೇ ಕಳಿಸಲು ಹೆದರುವ ತಂದೆತಾಯಿಗೆ ನಾನು ಮೊದಲು ಹೇಳುವ ಹೆಸರು ಇದು. ಅದೇ ಊರಿನ ಕಿಂಗ್ ಸೌದ್ ವಿಶ್ವವಿದ್ಯಾಲಯದ ಅರಬಿ ಭಾಷಾಶಾಸ್ತ್ರ ಸಂಸ್ಥೆಯೂ ಒಳ್ಳೆಯದು. ಮುಂದೆ ಅರಬಿ ಕಲಿಸುವ ಕೆಲಸಕ್ಕೇ ಹೋಗುವವರು ಅದನ್ನು ನೋಡಬೇಕು, ಯಾಕೆಂದರೆ ಹೊರಗಿನವರಿಗೆ ಅರಬಿ ಕಲಿಸುವುದು ಹೇಗೆ ಎಂಬುದೂ ಅಲ್ಲಿ ಒಂದು ವಿಷಯ.

ಸೌದಿಯ ಸ್ಕಾಲರ್‌ಶಿಪ್ ನಿಯಮದಲ್ಲಿ ವಯಸ್ಸು ಮುಖ್ಯ. ಪದವಿಗೆ 17ರಿಂದ 25, ಸ್ನಾತಕೋತ್ತರಕ್ಕೆ 30, ಪಿಎಚ್‌ಡಿಗೆ 35. ದರ್ಸ್ ಮುಗಿಸಿ, ಊರಲ್ಲಿ ಎರಡು ವರ್ಷ ಕಲಿಸಿ, ಆಮೇಲೆ ಅರ್ಜಿ ಹಾಕೋಣ ಎನ್ನುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ನಿಮಗೆ ಈಗ 23 ಆಗಿದ್ದರೆ ಸೌದಿಗೆ ಮೊದಲು ಅರ್ಜಿ ಹಾಕಿ, ಬೇರೆಯವು ಕಾಯುತ್ತವೆ. ಅರ್ಜಿ ಆನ್‌ಲೈನ್‌ನಲ್ಲಿ ನೀವೇ ಹಾಕಬಹುದು. "ನಮಗೆ ಒಳಗೆ ಜನ ಇದ್ದಾರೆ, ಇಷ್ಟು ಸಾವಿರ ಕೊಡಿ" ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ದೋಹಾ: ಒಂದೇ ವರ್ಷ, ಅಚ್ಚುಕಟ್ಟಾದ ಕೋರ್ಸ್

ಕತಾರ್ ವಿಶ್ವವಿದ್ಯಾಲಯದಲ್ಲಿ ಅರಬರಲ್ಲದವರಿಗೆ ಅರಬಿ ಎಂಬ ಒಂದು ವರ್ಷದ ಕೋರ್ಸ್ ಇದೆ. ಎರಡು ಸೆಮಿಸ್ಟರ್. ಸ್ಕಾಲರ್‌ಶಿಪ್ ಸಿಕ್ಕಿದರೆ ಫೀಸ್ ಇಲ್ಲ, ಹಾಸ್ಟೆಲ್ ಮತ್ತು ಟಿಕೆಟ್ ಅವರದ್ದೇ. ಹುಡುಗಿಯರಿಗೂ ಹುಡುಗರಿಗೂ ಬೇರೆ ಬೇರೆ ಕ್ಯಾಂಪಸ್. ಡಿಗ್ರಿ ಮುಗಿಸಿ ಎಂ.ಎ.ಗೆ ಹೋಗುವ ಮೊದಲು ಒಂದು ವರ್ಷ ಭಾಷೆಗೇ ಕೊಡುತ್ತೇನೆ ಎನ್ನುವವರಿಗೆ ಇದರಷ್ಟು ಹೊಂದುವಂಥದ್ದು ನನಗೆ ಬೇರೆ ಕಾಣುವುದಿಲ್ಲ. ಜುಬೈಲ್‌ನಲ್ಲಿ ಬೆಳೆದ ಆ ಹುಡುಗಿಗೂ ನಾನು ಹೇಳಿದ್ದು ದೋಹಾ. ಅವಳಿಗೆ ಗಲ್ಫ್‌ನ ಆಡುಮಾತು ಮೊದಲೇ ಇದೆ. ಬೇಕಾಗಿದ್ದದ್ದು ಓದು ಮತ್ತು ಬರಹ. ಅದು ತರಗತಿಯಲ್ಲೇ ಸಿಗುತ್ತದೆ.

ದರ್ಸ್‌ನ ಹುಡುಗನಿಗೆ ಮಾತ್ರ ನಾನು ದೋಹಾ ಹೇಳಲಿಲ್ಲ. ಕಾರಣ ಊರು. ಕತಾರ್‌ನಲ್ಲಿ ಬಹುಪಾಲು ಜನ ಹೊರಗಿನಿಂದ ಬಂದವರು. ಅಂಗಡಿಯವರು ಮಲಯಾಳಿ, ಟ್ಯಾಕ್ಸಿಯವರು ನೇಪಾಳಿಯೋ ಬಾಂಗ್ಲಾದವರೋ, ಹೋಟೆಲ್‌ನಲ್ಲಿ ಹಿಂದಿ. ನಮ್ಮ ಊರಿನವರೇ ಬೇಕಾದಷ್ಟು ಮಂದಿ ಇದ್ದಾರೆ. ರಜೆಯ ದಿನ ಮಾವನ ಮನೆ, ಚಿಕ್ಕಪ್ಪನ ರೂಮು, ನೀರುದೋಸೆ, ಬ್ಯಾರಿಯಲ್ಲಿ ಮಾತು. ತರಗತಿಯಿಂದ ಹೊರಗೆ ಬಂದರೆ ಅರಬಿ ಇಲ್ಲದೆಯೇ ವರ್ಷ ಕಳೆಯಬಹುದು. ಬಾಯಿ ಬರಬೇಕಾದವನಿಗೆ ಇದು ದೊಡ್ಡ ನಷ್ಟ. ರಿಯಾದ್‌ನಲ್ಲೂ ಈ ತೊಂದರೆ ಸ್ವಲ್ಪ ಇದೆ.

ಎಂ.ಎ. ಮಾಡುವವರು ದೋಹಾ ಇನ್‌ಸ್ಟಿಟ್ಯೂಟ್ ಅನ್ನೂ ನೋಡಿ. 2015ರಲ್ಲಿ ತರಗತಿ ಶುರು ಮಾಡಿದ ಸಂಸ್ಥೆ. ಸಮಾಜಶಾಸ್ತ್ರ, ಇತಿಹಾಸ, ಭಾಷಾಶಾಸ್ತ್ರವನ್ನು ಅರಬಿಯಲ್ಲೇ ಕಲಿಸುತ್ತಾರೆ. ಸಹಪಾಠಿಗಳು ಬೇರೆ ಬೇರೆ ಅರಬ್ ದೇಶದವರು. ಆದರೆ ಇದು ಭಾಷೆ ಕಲಿಯುವ ಜಾಗ ಅಲ್ಲ, ಭಾಷೆ ಬಂದವರು ಹೋಗುವ ಜಾಗ. ಅರಬಿಯಲ್ಲಿ ಹತ್ತು ಪುಟದ ಪ್ರಬಂಧ ಬರೆದು ಅಭ್ಯಾಸ ಇಲ್ಲದಿದ್ದರೆ ಈಗಲೇ ಬೇಡ.

ಕೈರೋ: ಹಣ ನಿಮ್ಮದು, ಬೀದಿಯೂ ನಿಮ್ಮದು

ನಾನು ಒಂದು ವರ್ಷ ಓದಿದ್ದು ಕೈರೋದಲ್ಲಿ. ಸ್ಕಾಲರ್‌ಶಿಪ್ ಇರಲಿಲ್ಲ. ಅಪ್ಪ ಇಟ್ಟಿದ್ದ ಹಣ, ಅಕ್ಕನ ಸಹಾಯ, ನಾನು ಟ್ಯೂಷನ್ ಮಾಡಿ ಕೂಡಿಟ್ಟದ್ದು. ನಸ್ರ್ ಸಿಟಿಯಲ್ಲಿ ನಾಲ್ಕು ಹುಡುಗಿಯರು ಒಂದು ಫ್ಲ್ಯಾಟ್‌ನಲ್ಲಿ ಇದ್ದೆವು. ಒಬ್ಬಳು ಇಂಡೋನೇಷ್ಯಾದವಳು, ಒಬ್ಬಳು ರಷ್ಯಾದವಳು, ಒಬ್ಬಳು ನೈಜೀರಿಯಾದವಳು. ನಮ್ಮ ನಾಲ್ವರಿಗೂ ಗೊತ್ತಿದ್ದ ಒಂದೇ ಭಾಷೆ ಅರಬಿ. ಗ್ಯಾಸ್ ಮುಗಿದರೂ ಅರಬಿ, ಜ್ವರ ಬಂದರೂ ಅರಬಿ. ಮೊದಲ ತಿಂಗಳು ರಾತ್ರಿ ತಲೆ ನೋಯುತ್ತಿತ್ತು. ಮೂರನೇ ತಿಂಗಳಲ್ಲಿ ಒಂದು ದಿನ ಕನಸು ಅರಬಿಯಲ್ಲಿ ಬಿತ್ತು.

ಅಲ್ಲಿ ಕಿವಿಯನ್ನು ಹೊಸದಾಗಿ ಪಳಗಿಸಬೇಕು. ಜಮೀಲ್ ಎಂಬುದು ಗಮೀಲ್ ಆಗುತ್ತದೆ. ಕಾಫಿಗೆ ಕಹ್ವ ಎಂದು ಓದಿದವರಿಗೆ ಅಹ್ವ ಎಂದು ಕೇಳಿಸುತ್ತದೆ. ಹಾಲಿನ ಅಂಗಡಿಯವನು, ಮೈಕ್ರೋಬಸ್‌ನವನು, ಮೇಲಿನ ಮನೆಯ ಅಜ್ಜಿ, ಯಾರೂ ನಿಮಗಾಗಿ ನಿಧಾನ ಮಾಡುವುದಿಲ್ಲ. ಆದರೆ ಈಜಿಪ್ಟಿನ ಸಿನಿಮಾ, ಟಿ.ವಿ. ಧಾರಾವಾಹಿ ಎಲ್ಲ ಕಡೆ ಹೋಗಿರುವುದರಿಂದ ಅಲ್ಲಿನ ಆಡುಮಾತು ಬಂದರೆ ಉಳಿದ ಅರಬ್ ದೇಶದ ಜನರಿಗೂ ಅರ್ಥವಾಗುತ್ತದೆ. ನಮ್ಮ ವಿದೇಶಾಂಗ ಸೇವೆಗೆ ಸೇರಿ ಅರಬಿ ಭಾಷೆ ಪಡೆದ ಅಧಿಕಾರಿಗಳನ್ನೂ ಕಲಿಯಲು ಕೈರೋಗೆ ಕಳಿಸುವುದುಂಟು.

ಸ್ಕಾಲರ್‌ಶಿಪ್ ಬೇಕು ಎಂದರೆ ಅಲ್ಲಿ ಮುಖ್ಯವಾಗಿ ಅಲ್-ಅಝ್‌ಹರ್. ಹತ್ತನೇ ಶತಮಾನದ ವಿದ್ಯಾಕೇಂದ್ರ. 1961ರ ಕಾನೂನಿನ ನಂತರ ಅಲ್ಲಿ ಹೆಣ್ಣುಮಕ್ಕಳ ವಿಭಾಗವೂ ಬಂತು. ಹೊರದೇಶದ ಮಕ್ಕಳಿಗೆ ಉಳಿದುಕೊಳ್ಳಲು ಅಬ್ಬಾಸಿಯ್ಯಾದಲ್ಲಿ ದೊಡ್ಡ ವಸತಿ ಊರೇ ಇದೆ. ಅರಬರಲ್ಲದವರಿಗೆ ಭಾಷೆ ಕಲಿಸಲು ಶೇಖ್ ಝಾಯಿದ್ ಕೇಂದ್ರ ಇದೆ. ಸೇರುವ ಮೊದಲು ಕೇಳಬೇಕಾದ ಪ್ರಶ್ನೆ: ನಿಮ್ಮ ದರ್ಸ್ ಅಥವಾ ಅರಬಿಕ್ ಕಾಲೇಜಿನ ಸರ್ಟಿಫಿಕೇಟಿಗೆ ಅಲ್-ಅಝ್‌ಹರ್‌ನ ಮುಆದಲಾ, ಅಂದರೆ ಸಮಾನತೆಯ ಮಾನ್ಯತೆ ಇದೆಯೇ? ಅದಿಲ್ಲದಿದ್ದರೆ ಎಷ್ಟು ಓದಿದ್ದರೂ ಕೆಳಗಿನ ತರಗತಿಯಿಂದ ಶುರು ಮಾಡಬೇಕಾಗಬಹುದು. ಭಾಷೆ, ಸಾಹಿತ್ಯಕ್ಕೇ ಹೆಚ್ಚು ಒತ್ತು ಬೇಕು ಎನ್ನುವವರಿಗೆ ಕೈರೋ ವಿಶ್ವವಿದ್ಯಾಲಯದ ದಾರುಲ್ ಉಲೂಮ್ ವಿಭಾಗ ಇದೆ. 1872ರಲ್ಲಿ ಅರಬಿ ಅಧ್ಯಾಪಕರನ್ನು ತಯಾರು ಮಾಡಲೆಂದೇ ಶುರುವಾದದ್ದು.

ಸ್ವಂತ ಹಣದಲ್ಲಿ ಹೋಗುವವರಿಗೆ ಒಂದು ಮಾತು. 2024ರ ಮಾರ್ಚ್‌ನಲ್ಲಿ ಈಜಿಪ್ಟ್ ತನ್ನ ಪೌಂಡ್‌ನ ಬೆಲೆ ಇಳಿಸಿತು. ಒಂದು ಡಾಲರಿಗೆ 31 ಪೌಂಡ್ ಇದ್ದದ್ದು 50ರ ಹತ್ತಿರ ಹೋಯಿತು. ಅಲ್ಲಿ ಸಾಮಾನಿನ ಕ್ರಯವೂ ಏರಿದೆ. ಆದರೂ ಹೊರಗಿನ ಹಣ ತರುವವರಿಗೆ ಊಟ, ಬಾಡಿಗೆ, ಬಸ್ಸು ಅಮ್ಮಾನ್‌ಗಿಂತ ತುಂಬಾ ಕಡಿಮೆ. ನಸ್ರ್ ಸಿಟಿಯ ಖಾಸಗಿ ಭಾಷಾ ಕೇಂದ್ರಗಳಲ್ಲಿ ಒಬ್ಬ ವಿದ್ಯಾರ್ಥಿಗೆ ಒಬ್ಬ ಟೀಚರ್ ಇರುವ ಪಾಠವೂ ಸಿಗುತ್ತದೆ. ಮೂರು ತಿಂಗಳಿಗೆ ಒಟ್ಟಿಗೆ ಕಟ್ಟಬೇಡಿ. ಒಂದು ತಿಂಗಳು ಕಟ್ಟಿ, ಟೀಚರ್ ಹೊಂದುತ್ತಾರಾ ನೋಡಿ.

ಕೈರೋ ಬಗ್ಗೆ ನನಗೆ ಇನ್ನೊಂದು ಆಸೆ ಇದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ನಮ್ಮ ಮಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದ. ಮೂಲ ಟುನೀಸಿಯಾದವನು. ಅವನ ಹತ್ತಿರ ಬೊಮ್ಮ ಎಂಬ ನಮ್ಮ ಕಡೆಯ ಆಳು ಇದ್ದ. ಏಡನ್‌ನಿಂದ ಅವನಿಗೆ ಬಂದ ಕಾಗದಗಳು ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಉಳಿದವು. ಲಿಪಿ ಹೀಬ್ರೂ, ಭಾಷೆ ಅರಬಿ. ಅದು ವ್ಯಾಕರಣ ಪುಸ್ತಕದ ಅರಬಿ ಅಲ್ಲ. ವ್ಯಾಪಾರಿಗಳು ಬರೆದದ್ದು, ಆಡುಮಾತು ಅಲ್ಲಲ್ಲಿ ಬೆರೆತಿದೆ. ಕಬ್ಬಿಣ, ಅಡಕೆ, ಕಾಳುಮೆಣಸಿನ ಲೆಕ್ಕ ಇರುವ ಆ ಕಾಗದಗಳನ್ನು ಕರಾವಳಿಯ ಒಬ್ಬ ಹುಡುಗನೋ ಹುಡುಗಿಯೋ ಕೂತು ಓದಿ ಕನ್ನಡಕ್ಕೆ ತರಬೇಕು. ಅದಕ್ಕೆ ಫುಸ್ಹಾ ಒಂದೇ ಸಾಲದು. ಇತಿಹಾಸದಲ್ಲಿ ಆಸಕ್ತಿ ಇರುವ ಮಕ್ಕಳಿಗೆ ನಾನು ಕೈರೋ ಎನ್ನುವುದಕ್ಕೆ ಇದೂ ಒಂದು ಕಾರಣ.

ಅಮ್ಮಾನ್, ಮನಹ್, ಮತ್ತು ಹೋಗಬಾರದ ಕಡೆ

ಅಮ್ಮಾನ್‌ನಲ್ಲಿ ಕಾಸಿದ್ ಎಂಬ ಭಾಷಾ ಸಂಸ್ಥೆಗೆ ಒಳ್ಳೆಯ ಹೆಸರು. ಜೋರ್ಡಾನ್ ವಿಶ್ವವಿದ್ಯಾಲಯದಲ್ಲೂ ಭಾಷಾ ಕೇಂದ್ರ ಇದೆ. ಶಾಂತ ಊರು, ಕೇಳಲು ಸ್ಪಷ್ಟವಾದ ಮಾತು. ಆದರೆ ಜೋರ್ಡಾನ್ ದಿನಾರ್ ಡಾಲರ್‌ಗಿಂತ ದುಬಾರಿ. ಒಂದು ದಿನಾರ್ ಅಂದರೆ ನೂರು ರೂಪಾಯಿಗಿಂತ ಜಾಸ್ತಿ. ಮನೆಯಲ್ಲಿ ಅನುಕೂಲ ಇದ್ದವರಿಗೆ ಮಾತ್ರ.

ಒಮಾನ್‌ನ ಮನಹ್‌ನಲ್ಲಿರುವ ಸುಲ್ತಾನ್ ಕಾಬೂಸ್ ಕಾಲೇಜು ಎಂಟು ವಾರದ ಕೋರ್ಸ್ ಕೊಡುತ್ತದೆ. ಫೀಸ್ ಕಟ್ಟಬೇಕು. ನಿಝ್ವಾ ಹತ್ತಿರದ ಸಣ್ಣ ಊರು. ಸ್ಥಳೀಯ ಜೊತೆಗಾರರನ್ನು ಕೊಟ್ಟು ಅರಬಿಯಲ್ಲೇ ಮಾತನಾಡಿಸುತ್ತಾರೆ. ಒಂದು ವರ್ಷ ಬಿಡಲಾಗದ ಅಧ್ಯಾಪಕರಿಗೆ, ದುಭಾಷಿ ಕೆಲಸ ಮಾಡುತ್ತಿರುವವರಿಗೆ ಇದು ಸರಿಹೊಂದುತ್ತದೆ.

ಹಿಂದೆ ಅರಬಿ ಎಂದರೆ ಸಿರಿಯಾದ ದಮಾಸ್ಕಸ್, ಯೆಮನ್‌ನ ಸನಾ ಎನ್ನುತ್ತಿದ್ದರು. ಯುದ್ಧದಿಂದ ಎರಡೂ ಕೈತಪ್ಪಿದವು. ಯೆಮನ್‌ನಲ್ಲೇ ಇರುವ ತರೀಮ್‌ಗೆ ಹೋಗಬೇಕು ಎಂದು ಕೆಲವು ಮಕ್ಕಳು ಇನ್ನೂ ಕೇಳುತ್ತಾರೆ. ಭಾರತ ಸರ್ಕಾರ 2017ರಲ್ಲೇ ಯೆಮನ್ ಪ್ರಯಾಣವನ್ನು ನಿಷೇಧಿಸಿದೆ. ಬೇರೆ ದೇಶದ ಮೂಲಕ ದಾಟಿಸುತ್ತೇವೆ ಎನ್ನುವವರ ಮಾತು ಕೇಳಬೇಡಿ. ಪಾಸ್‌ಪೋರ್ಟ್ ಹೋಗುವುದಿರಲಿ, ಅಲ್ಲಿ ಏನಾದರೂ ಆದರೆ ಕರೆತರುವವರು ಯಾರು?

ಒಂದು ಇನಿಷಿಯಲ್‌ಗೆ ಒಂದು ವರ್ಷ

ಕೈರೋಗೆ ಸ್ವಂತ ಹಣದಲ್ಲಿ ಹೋಗುವ ಮೊದಲು ನನಗೂ ಒಂದು ಸ್ಕಾಲರ್‌ಶಿಪ್‌ನ ಆಸೆ ಇತ್ತು. ಅರ್ಜಿ ತಿರಸ್ಕೃತವಾಯಿತು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ನನ್ನ ಹೆಸರಿನ ಮುಂದೆ ಒಂದು ಇನಿಷಿಯಲ್ ಇತ್ತು. ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರಾಗಿತ್ತು. ಇಬ್ಬರೂ ಒಬ್ಬಳೇ ಎಂದು ತೋರಿಸಲು ಅಫಿಡವಿಟ್ ಮಾಡಿಸುವಷ್ಟರಲ್ಲಿ ಕೊನೆಯ ದಿನ ಮುಗಿದಿತ್ತು. ನಮ್ಮ ಜಿಲ್ಲೆಯಲ್ಲಿ ಈ ತೊಂದರೆ ಮನೆಮನೆಯಲ್ಲೂ ಇದೆ. ಮಹಮ್ಮದ್, ಮೊಹಮ್ಮದ್, ಮುಹಮ್ಮದ್ ಎಂದು ಒಂದೇ ಹೆಸರಿಗೆ ಮೂರು ಸ್ಪೆಲ್ಲಿಂಗ್. ಅರಬಿಯಲ್ಲಿ ಬರೆದರೆ ಒಂದೇ, ಇಂಗ್ಲಿಷ್‌ನಲ್ಲಿ ಅದು ಮೂರು ಜನ. ಎಸ್ಸೆಸ್ಸೆಲ್ಸಿ ಕಾರ್ಡ್, ಆಧಾರ್, ಪಾಸ್‌ಪೋರ್ಟ್ ಮೂರನ್ನೂ ಇವತ್ತೇ ಮೇಜಿನ ಮೇಲೆ ಇಟ್ಟು ಅಕ್ಷರ ಅಕ್ಷರ ಹೋಲಿಸಿ.

ಸರ್ಟಿಫಿಕೇಟ್ ದೃಢೀಕರಣದಲ್ಲೂ ದೇಶಕ್ಕೆ ತಕ್ಕ ವ್ಯತ್ಯಾಸ ಇದೆ. ಸೌದಿ 2022ರ ಡಿಸೆಂಬರ್‌ನಿಂದ ಅಪೊಸ್ಟಿಲ್ ಒಪ್ಪಂದದಲ್ಲಿದೆ (ಒಂದೇ ಮುದ್ರೆಯನ್ನು ಸದಸ್ಯ ದೇಶಗಳೆಲ್ಲ ಒಪ್ಪುವ ಏರ್ಪಾಡು), ಒಮಾನ್ ಅದಕ್ಕಿಂತ ಮೊದಲೇ ಇತ್ತು. ಅಲ್ಲಿಗೆ ರಾಜ್ಯದ ಮುದ್ರೆ ಆದ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಹಾಕಿಸುವುದು. ಈಜಿಪ್ಟ್, ಕತಾರ್, ಜೋರ್ಡಾನ್‌ಗೆ ಹೋಗುವವರು ಆ ದೇಶದ ದೂತಾವಾಸದ ಮುದ್ರೆಯನ್ನೂ ಹಾಕಿಸಬೇಕು. ಅದಕ್ಕೆ ಜಾಸ್ತಿ ವಾರ ಹಿಡಿಯುತ್ತದೆ. ಪೊಲೀಸ್ ಕ್ಲಿಯರೆನ್ಸ್ ಅನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕವೇ ಪಡೆಯಬಹುದು. ಮದೀನಾಕ್ಕೆ ಉಸ್ತಾದರಿಂದ ತಝ್ಕಿಯಾ, ಅಂದರೆ ಶಿಫಾರಸು ಪತ್ರವೂ ಬೇಕು. ಉಸ್ತಾದರು ಉಮ್ರಾಕ್ಕೋ ವಯಳಿಗೋ (ಧಾರ್ಮಿಕ ಪ್ರವಚನಕ್ಕೋ) ಹೊರಡುವ ಮೊದಲೇ ಹೋಗಿ ಕೇಳಿ.

ಇಷ್ಟೆಲ್ಲ ಆದ ಮೇಲೂ ಎರಡು ಊರಿನ ನಡುವೆ ಮನಸ್ಸು ಓಲಾಡುತ್ತಿದ್ದರೆ, ಎರಡೂ ಕಡೆ ಓದುತ್ತಿರುವ ನಮ್ಮ ಊರಿನ ಒಬ್ಬೊಬ್ಬರ ನಂಬರ್ ಹುಡುಕಿ. ಅಲ್ಲಿಗೆ ಹೋಗಿ ಆರು ತಿಂಗಳಾದರೂ ಆಗಿರಬೇಕು. ಹಾಸ್ಟೆಲ್ ಹೇಗಿದೆ, ಊಟ ಹೇಗಿದೆ ಎಂದು ಆಮೇಲೆ ಕೇಳಿ. ಮೊದಲು ಅರಬಿಯಲ್ಲೇ ಒಂದು ವಾಯ್ಸ್ ಮೆಸೇಜ್ ಕಳಿಸಿ: ನಿನ್ನೆ ತರಗತಿ ಮುಗಿದ ಮೇಲೆ ರಾತ್ರಿವರೆಗೆ ಯಾರ್ಯಾರ ಹತ್ತಿರ, ಯಾವ ಭಾಷೆಯಲ್ಲಿ ಮಾತನಾಡಿದಿರಿ ಎಂದು. ಉತ್ತರ ಯಾವ ಭಾಷೆಯಲ್ಲಿ ಬರುತ್ತದೆ, ಅರಬಿಯಲ್ಲಿ ಬಂದರೆ ಎಷ್ಟು ಹೊತ್ತು ತಡವರಿಸದೆ ಹೋಗುತ್ತದೆ, ಕೇಳಿಸಿಕೊಳ್ಳಿ.